ನೋಯುವುದು ಮಂಡಿ, ಕೆಡುವುದು ಕಿಡ್ನಿ

ಪ್ರಶ್ನೆ: ಅಮ್ಮನಿಗೆ 64 ವರ್ಷ. ಹನ್ನೆರಡು ವರ್ಷದಿಂದ ಶುಗರ್, ಬಿ.ಪಿ., ಥೈರಾಯ್ಡ್ ಇವೆ. ಈಗ ಮಂಡಿನೋವೂ ಸೇರಿದೆ. ಶುಗರ್‌ಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಥೈರಾಯ್ಡ್‌ಗೆ ಥೈರಾಕ್ಸಿನ್, ಜೊತೆಗೆ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತಾರೆ. ಬಿ.ಪಿ. ಮಾತ್ರೆಯಲ್ಲಿ ಟೆಲ್ಮಿಸಾರ್ಟಾನ್ ಜೊತೆ ಮೂತ್ರ ಹೋಗಿಸುವ ಔಷಧಿಯೂ ಇದೆ. ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ದಿನಾ ನುಂಗುತ್ತಾರೆ. ಯಾರೋ ಹೇಳಿದರೆಂದು ಮಂಡಿಗೆ ಗ್ಲುಕೋಸಮೈನ್ ಡಬ್ಬಿ, ಶುಗರ್‌ಗೆ ಹಾಗಲಕಾಯಿ ರಸ ಬೇರೆ. ಎಲ್ಲಕ್ಕೂ ದುಡ್ಡು ಹೊಂದಿಸಲು ಆಗುತ್ತಿಲ್ಲ. ಯಾವುದನ್ನು ಬಿಡಬಹುದು?
— ಓದುಗರೊಬ್ಬರು, ಹಾವೇರಿ

ಉತ್ತರ: ಮೊದಲು ಡೈಕ್ಲೋಫೆನಾಕ್ ಬಿಡಿಸಿ. ನಿಮ್ಮ ಪಟ್ಟಿಯಲ್ಲಿ ಅದು ಅಗ್ಗದ ಮಾತ್ರೆಯೇ ಇರಬಹುದು, ಆದರೆ ಅಪಾಯ ಹೆಚ್ಚು. ಟೆಲ್ಮಿಸಾರ್ಟಾನ್, ಮೂತ್ರ ಹೋಗಿಸುವ ಔಷಧಿ, ಈ ನೋವಿನ ಮಾತ್ರೆ ಮೂರೂ ಒಟ್ಟಾದರೆ ಕಿಡ್ನಿ ರಕ್ತ ಸೋಸುವ ಒತ್ತಡ ಕುಸಿದು ಕಿಡ್ನಿಯೇ ಕೆಡಬಹುದು. ಭೇದಿಯಾಗಿ ನೀರು ಬತ್ತಿದ ದಿನ ಇನ್ನೂ ಕೆಟ್ಟದು. ಸಾಲದ್ದಕ್ಕೆ ಡೈಕ್ಲೋಫೆನಾಕ್ ಬಿ.ಪಿ.ಯನ್ನೂ ಏರಿಸುತ್ತದೆ. ಆಗ ಬಿ.ಪಿ. ಮಾತ್ರೆ ಹಿಡಿಯುತ್ತಿಲ್ಲವೆಂದು ಡೋಸ್ ಹೆಚ್ಚಿಸುವುದು, ಖರ್ಚು ಬೆಳೆಯುವುದು!

ಮಂಡಿಗೆ ವೈದ್ಯರನ್ನು ಕೇಳಿ ಡೈಕ್ಲೋಫೆನಾಕ್ ಜೆಲ್ ಹಚ್ಚಬಹುದು, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಅದಕ್ಕಿಂತ ಮುಖ್ಯ ತೊಡೆಯ ಸ್ನಾಯು. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ತೊಡೆ ಬಿಗಿಹಿಡಿದು ಐದು ಎಣಿಸಿ ಮೆಲ್ಲಗೆ ಇಳಿಸಬೇಕು. ಒಂದೊಂದು ಕಾಲಿಗೆ 10 ಸಲ, ಬೆಳಿಗ್ಗೆ ಸಂಜೆ. ವಾರದಲ್ಲಿ ಗುಣ ಕಾಣಲಿಲ್ಲವೆಂದು ಬಿಟ್ಟವರೇ ಹೆಚ್ಚು. ಆರರಿಂದ ಎಂಟು ವಾರ ಬೇಕು.

ಗ್ಲುಕೋಸಮೈನ್ ಡಬ್ಬಿ ಮುಗಿದ ಮೇಲೆ ಮತ್ತೆ ತರಬೇಡಿ. ಹಾಕಿದ ದುಡ್ಡಿಗೆ ತಕ್ಕ ಪ್ರಯೋಜನಕ್ಕೆ ಗಟ್ಟಿ ಆಧಾರವಿಲ್ಲ. ಹಾಗಲಕಾಯಿ ಪಲ್ಯ ಧಾರಾಳವಾಗಿ ತಿನ್ನಲಿ. ಆದರೆ ಗ್ಲಿಮೆಪಿರೈಡ್ ನುಂಗಿ ಖಾಲಿ ಹೊಟ್ಟೆಗೆ ರಸವನ್ನೂ ಕುಡಿದರೆ ಶುಗರ್ ದಿಢೀರನೆ ಇಳಿದು ಬೆವರು, ನಡುಕ ಬರಬಹುದು.

ಶುಗರ್, ಬಿ.ಪಿ., ಥೈರಾಯ್ಡ್ ಮಾತ್ರೆಗಳಿಗೆ ಕತ್ತರಿ ಹಾಕಬೇಡಿ. ಏರಿದ ಬಿ.ಪಿ. ನೋಯಿಸುವುದಿಲ್ಲ, ಅದಕ್ಕೇ ಜನ ಮೊದಲು ಬಿಡುವುದು ಅದನ್ನೇ. ಚೀಟಿಯಲ್ಲಿ ಬ್ರ್ಯಾಂಡ್ ಬದಲು ಔಷಧಿಯ ಹೆಸರನ್ನೇ ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕೇಳಿ. ಮಿಲಿಗ್ರಾಂ ಹೊಂದಿಸಿ ನೋಡಿಕೊಳ್ಳಿ.

ಥೈರಾಕ್ಸಿನ್ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಕಾಫಿ, ತಿಂಡಿ ಅರ್ಧದಿಂದ ಒಂದು ಗಂಟೆಯ ಮೇಲೆ. ಕ್ಯಾಲ್ಸಿಯಂಗೆ ನಾಲ್ಕು ಗಂಟೆ ಅಂತರ ಬೇಕು, ಮಧ್ಯಾಹ್ನದ ಊಟದ ಜೊತೆಗಿಡಿ. ಎರಡನ್ನೂ ಒಟ್ಟಿಗೆ ನುಂಗಿದರೆ ಥೈರಾಕ್ಸಿನ್ ಸರಿಯಾಗಿ ಮೈಗೆ ಸೇರುವುದಿಲ್ಲ. ಕ್ಯಾಲ್ಸಿಯಂ ಬೇಕೇ ಬೇಕೆ ಎಂದೂ ವೈದ್ಯರನ್ನು ಕೇಳಿ.

ಉಳಿಸಿದ ದುಡ್ಡು ಪರೀಕ್ಷೆಗಿರಲಿ. 'ಫುಲ್ ಬಾಡಿ ಚೆಕಪ್' ಪ್ಯಾಕೇಜ್ ಬೇಡ. ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ, ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ ತಪಾಸಣೆ ಮುಖ್ಯ. ಮೆಟ್‌ಫಾರ್ಮಿನ್ ಬಹಳ ವರ್ಷವಾಗಿರುವುದರಿಂದ ಪಾದ ಉರಿ, ಜೋಮು ಇದ್ದರೆ ವಿಟಮಿನ್ ಬಿ12 ಪರೀಕ್ಷೆ ಕೂಡ.

ಡೈಕ್ಲೋಫೆನಾಕ್ ಬಿಟ್ಟ ಮೇಲೆ ಒಂದು ವಾರ ಮನೆಯಲ್ಲೇ ಬಿ.ಪಿ. ನೋಡಿ. ಐದು ನಿಮಿಷ ಬೆನ್ನಾನಿಸಿ ಕೂತು, ಪಾದ ನೆಲಕ್ಕೂರಿ, ತೋಳು ಎದೆಯ ಮಟ್ಟಕ್ಕಿಟ್ಟು, ಬೆಳಿಗ್ಗೆ ಸಂಜೆ ಎರಡೆರಡು ಸಲ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಹಾಳೆಯನ್ನು ವೈದ್ಯರಿಗೆ ತೋರಿಸಿ. ವಾಂತಿ-ಭೇದಿ ಶುರುವಾದರೆ ಮಾತ್ರ ಕಾಯಬೇಡಿ: ಮೆಟ್‌ಫಾರ್ಮಿನ್, ಬಿ.ಪಿ. ಮಾತ್ರೆ ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಅಂದೇ ಫೋನ್ ಮಾಡಿ ಕೇಳಿ.