ಅಂಜಲ್ ತಡೆಯಲಿ, ಬೂತಾಯಿ ಬರಲಿ

ಓದುಗರ ಪ್ರಶ್ನೆ, ಮೇಡಂ ಉತ್ತರ

ಮೇಡಂ, ನನ್ನ ಮಗಳು ಈಗ ಐದು ತಿಂಗಳ ಗರ್ಭಿಣಿ. ಅವಳಿಗೆ ಮೀನು ಅಂದ್ರೆ ಪ್ರಾಣ. ಬೆಂಗಳೂರಿನಿಂದ ನನ್ನ ತಂಗಿ ಫೋನ್ ಮಾಡಿ, ‘ಸಮುದ್ರದ ಮೀನಲ್ಲಿ ಪಾದರಸ ಇರತ್ತಂತೆ, ಮುಟ್ಟಿಸಲೇಬೇಡ’ ಅಂದಳು. ಶಿರಾಡಿ ಘಾಟಿ ಹತ್ತಿ ಬರುವ ಮೀನಿನ ಗಾಡಿ ಮನೆ ಮುಂದೆ ಹಾರ್ನ್ ಹೊಡೆದರೆ ಮಗಳು ನನ್ನ ಮುಖ ನೋಡುತ್ತಾಳೆ. ಏನು ಮಾಡಲಿ?
– ಒಬ್ಬ ತಾಯಿ, ಸಕಲೇಶಪುರ

ಕೊಡಿ ತಾಯಿ. ಯಾವ ಮೀನು ಅಂತ ನೋಡಿ ಕೊಡಿ, ಅಷ್ಟೇ. ನಿಮ್ಮ ತಂಗಿ ಹೇಳಿದ್ದು ಸುಳ್ಳಲ್ಲ. ಆದರೆ ಆ ಮಾತು ಎಲ್ಲ ಮೀನಿಗೂ ಒಂದೇ ತರ ಅನ್ವಯಿಸುವುದಿಲ್ಲ.

ನಾನು ಮಲ್ಪೆಯಲ್ಲಿ ಹುಟ್ಟಿದವಳು. ಮದುವೆಯಾಗಿ ಚಿಕ್ಕಮಗಳೂರಿಗೆ ಬಂದು, ಇಲ್ಲೇ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟೆ. ಮೀನಿನ ಅಂಗಡಿಯಲ್ಲಿ ಅಂಜಲ್, ಅಂದರೆ ಕಿಂಗ್ ಫಿಶ್, ಕತ್ತರಿಸುವಾಗ ಅದರ ಹೊಟ್ಟೆ ಬಿಡಿಸಿ ತೋರಿಸಪ್ಪಾ ಅಂತ ಈಗಲೂ ಕೇಳುತ್ತೇನೆ. ಎಷ್ಟೋ ಸಲ ಹೊಟ್ಟೆ ಖಾಲಿ ಇರುತ್ತದೆ. ಬಲೆಗೆ ಬಿದ್ದ ಗಾಬರಿಗೆ ಮೀನು ತಿಂದದ್ದನ್ನು ಕಕ್ಕಿಬಿಡುವುದುಂಟು. ಖಾಲಿ ಇಲ್ಲದಿದ್ದರೆ ಒಳಗೆ ಇಡೀ ಬೂತಾಯಿ, ಅಂದರೆ ಸಾರ್ಡೀನ್, ಸಿಗುತ್ತದೆ. ತಲೆ ಕರಗಿರುತ್ತದೆ, ಬಾಲ ಹಾಗೇ ಇರುತ್ತದೆ. ಇನ್ನು ಬೂತಾಯಿಯ ಕರುಳನ್ನು ಬೆರಳಲ್ಲಿ ಒತ್ತಿದರೆ ಹಸಿರುಗಂದು ಲೋಳೆ ಬರುತ್ತದೆ. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗಾಜಿನ ಚಿಪ್ಪಿನಂಥ ಗೋಡೆಯ ಡಯಾಟಮ್ ಪಾಚಿಗಳು ಕಾಣುತ್ತವೆ. ಅಂದರೆ ಬೂತಾಯಿಯ ಊಟ ಪಾಚಿ, ಅಂಜಲ್‌ನ ಊಟ ಬೂತಾಯಿ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಈ ವ್ಯತ್ಯಾಸದಲ್ಲೇ.

ಕಲ್ಲಿದ್ದಲು ಸುಡುವಾಗ, ಸಣ್ಣ ಗಣಿಗಳಲ್ಲಿ ಅದಿರಿನಿಂದ ಚಿನ್ನ ಬಿಡಿಸುವಾಗ ಪಾದರಸ ಆವಿಯಾಗಿ ಗಾಳಿ ಸೇರುತ್ತದೆ. ತಿಂಗಳುಗಟ್ಟಲೆ ಅಲೆದು, ಕೊನೆಗೆ ಮಳೆಯ ಜೊತೆ ಕಡಲಿಗೆ ಬೀಳುತ್ತದೆ. ಆಮ್ಲಜನಕ ಇಲ್ಲದ ಜಾಗದಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ತೊಂದರೆ ಕೊಡುವುದು ಇದು. ನೀರಿನಲ್ಲಿ ಇದು ಇರುವುದು ಅತಿ ಸ್ವಲ್ಪ. ಪಾಚಿ ಅದನ್ನು ಹೀರುತ್ತದೆ, ಪಾಚಿಯನ್ನು ಸಣ್ಣ ಮೀನು ತಿನ್ನುತ್ತದೆ, ಸಣ್ಣದನ್ನು ದೊಡ್ಡದು ತಿನ್ನುತ್ತದೆ. ಮೈಗೆ ಸೇರುವಷ್ಟು ಬೇಗ ಅದು ಹೊರಗೆ ಹೋಗುವುದಿಲ್ಲ. ಹಾಗಾಗಿ ಒಂದೊಂದು ಮೆಟ್ಟಿಲಿಗೂ ಜಾಸ್ತಿಯಾಗುತ್ತದೆ. ಮೇಲಿನ ಮೆಟ್ಟಿಲಿನ ಬೇಟೆಗಾರ ಮೀನಿನ ಮಾಂಸದಲ್ಲಿ ಅದು ಸುತ್ತಲಿನ ನೀರಿಗಿಂತ ಹತ್ತು ಲಕ್ಷ ಪಟ್ಟು ಜಾಸ್ತಿ ಇರಬಹುದು. ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಬೂತಾಯಿ ಎರಡು ಮೂರು ವರ್ಷ ಬದುಕಿದರೆ ಹೆಚ್ಚು. ದೊಡ್ಡ ಶಾರ್ಕ್‌ಗಳು ಹತ್ತಾರು ವರ್ಷ ಬದುಕುತ್ತವೆ, ಅಷ್ಟೂ ವರ್ಷ ಬೇರೆ ಮೀನು ತಿಂದೇ ಬೆಳೆಯುತ್ತವೆ.

ಆದ್ದರಿಂದ ತಾಟೆ, ಅಂದರೆ ಶಾರ್ಕ್, ಈಗ ಪೂರ್ತಿ ಬೇಡ. ದೊಡ್ಡ ಕೇದರ್, ಅಂದರೆ ಟ್ಯೂನಾ, ಅದೂ ಬೇಡ. ದೊಡ್ಡ ಅಂಜಲ್ ಕೂಡ ಹೆರಿಗೆ ಆಗಿ, ಮಗು ಹಾಲು ಬಿಡುವ ತನಕ ತಡೆಯಲಿ. ಅಮೆರಿಕದ ಆಹಾರ ಇಲಾಖೆ ಗರ್ಭಿಣಿಯರಿಗೆ ಬೇಡ ಅಂದಿರುವ ಮೀನುಗಳಲ್ಲಿ ಶಾರ್ಕ್, ಕತ್ತಿ ಮೀನಿನ ಜೊತೆ ಅಂಜಲ್‌ನ ಅಟ್ಲಾಂಟಿಕ್ ದಾಯಾದಿಯೂ ಇದೆ. ಬೂತಾಯಿ, ಬಂಗುಡೆ, ಕಾಣೆ, ಸೀಗಡಿ ಧಾರಾಳವಾಗಿ ಕೊಡಿ. ಅದೇ ಇಲಾಖೆ ಗರ್ಭಿಣಿಗೆ ವಾರಕ್ಕೆ ಸುಮಾರು 225ರಿಂದ 340 ಗ್ರಾಂ ಇಂಥ ಮೀನು ತಿನ್ನಿ ಅಂತಲೇ ಹೇಳುತ್ತದೆ. ಎರಡು ಮೂರು ಊಟಕ್ಕೆ ಅಷ್ಟು ಸಾಕು.

ಹುರಿದರೆ, ಹುಣಸೆ ಹುಳಿ ಹಾಕಿದರೆ ಪಾದರಸ ಹೋಗತ್ತಲ್ವಾ ಅಂತ ಕೆಲವರು ಕೇಳುತ್ತಾರೆ. ಹೋಗುವುದಿಲ್ಲ. ಅದು ಅಂಟಿಕೊಂಡಿರುವುದು ಮಾಂಸದ ಪ್ರೋಟೀನಿಗೆ. ಚರ್ಮ ಸುಲಿದರೂ ಅಷ್ಟೇ.

ಮೀನನ್ನೇ ಬಿಟ್ಟರೆ ಕ್ಷೇಮ ಅಂತ ಅಂದುಕೊಳ್ಳಬೇಡಿ. ಫೆರೋ ದ್ವೀಪಗಳಲ್ಲಿ 1986–87ರಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಅಲ್ಲಿನ ತಾಯಂದಿರಿಗೆ ಪಾದರಸ ಬಂದಿದ್ದು ಮುಖ್ಯವಾಗಿ ಪೈಲಟ್ ತಿಮಿಂಗಿಲದ ಮಾಂಸದಿಂದ. ಪಾದರಸ ಜಾಸ್ತಿ ಇದ್ದ ತಾಯಂದಿರ ಮಕ್ಕಳಲ್ಲಿ ನೆನಪು, ಮಾತು, ಗಮನ ಸ್ವಲ್ಪ ಕುಂದಿದ್ದು ಕಂಡಿತು. ಸೆಶೆಲ್ಸ್ ದ್ವೀಪಗಳಲ್ಲೂ ಇಂಥದೇ ಅಧ್ಯಯನ ನಡೆಯಿತು. ಅಲ್ಲಿ ಗರ್ಭಿಣಿಯರು ವಾರಕ್ಕೆ ಸರಾಸರಿ 12 ಹೊತ್ತು ಮೀನು ಉಣ್ಣುತ್ತಿದ್ದರು. ಮಕ್ಕಳಲ್ಲಿ ಹೇಳಿಕೊಳ್ಳುವಂಥ ತೊಂದರೆ ಕಾಣಲಿಲ್ಲ. ಮಗುವಿನ ಮೆದುಳಿಗೆ ಬೇಕಾದ ಒಮೆಗಾ–3 ಮೀನಿನಲ್ಲಿದೆ. ಬೂತಾಯಿಯಲ್ಲಿ ಅದು ಹೇರಳ, ಬೆಲೆಯೂ ಕಮ್ಮಿ.

ಮಗಳು ಇಲ್ಲಿಯವರೆಗೆ ಅಂಜಲ್ ತಿಂದಿದ್ದರೆ ಹೆದರಬೇಡಿ. ನಮ್ಮ ಮೈಯಲ್ಲಿರುವ ಮೀಥೈಲ್ ಪಾದರಸ ಸುಮಾರು 50 ದಿನಕ್ಕೆ ಅರ್ಧ ಆಗುತ್ತದೆ. ಸೊಸೆಯೋ ಮಗಳೋ ಮಗು ಬೇಕು ಅಂತ ಯೋಚನೆ ಮಾಡುತ್ತಿದ್ದರೆ, ದೊಡ್ಡ ಮೀನನ್ನು ನಾಲ್ಕೈದು ತಿಂಗಳು ಮೊದಲೇ ಕಡಿಮೆ ಮಾಡುವುದು ಒಳ್ಳೆಯದು.

ಮೀನೆಣ್ಣೆ ಮಾತ್ರೆಯಲ್ಲಿ ಪಾದರಸ ಇರುತ್ತದೆಯೇ?
– ಓದುಗರು, ಅರಸೀಕೆರೆ

ಸಾಮಾನ್ಯವಾಗಿ ಬಹಳ ಕಮ್ಮಿ. ಅದು ಪ್ರೋಟೀನಿಗೆ ಅಂಟುವ ವಸ್ತು, ಎಣ್ಣೆಗಲ್ಲ. ಎಣ್ಣೆಗೆ ಅಂಟುವ ಡಿಡಿಟಿ ಕೀಟನಾಶಕ, ಪಿಸಿಬಿ ಎಂಬ ಕಾರ್ಖಾನೆ ರಾಸಾಯನಿಕದಂಥವನ್ನು ಶುದ್ಧ ಮಾಡುವಾಗ ತೆಗೆಯುತ್ತಾರೆ. ಆದರೂ ಮಾತ್ರೆಗಿಂತ ಬೂತಾಯಿ ಸಾರೇ ನನಗಿಷ್ಟ.

ಮೇಡಂ, ನಾನು ಪಿಯುಸಿ ಓದುತ್ತಿದ್ದೇನೆ. ಮೀನು ಕಡಲಲ್ಲಿ ಎಲ್ಲೆಲ್ಲಿ ಹೋಗಿತ್ತು, ಏನು ತಿಂದಿತ್ತು ಅಂತ ವಿಜ್ಞಾನಿಗಳಿಗೆ ಹೇಗೆ ಗೊತ್ತಾಗುತ್ತದೆ?
– ವಿದ್ಯಾರ್ಥಿನಿ, ಬೇಲೂರು

ತುಂಬ ಒಳ್ಳೆಯ ಪ್ರಶ್ನೆ ಕೇಳಿದ್ದೀಯಮ್ಮಾ. ಹೊಟ್ಟೆ ಬಿಡಿಸಿದರೆ ಕೊನೆಯ ಊಟ ಮಾತ್ರ ಗೊತ್ತಾಗುತ್ತದೆ. ತಿಂಗಳುಗಳ ಊಟ ತಿಳಿಯಬೇಕಾದರೆ ಮಾಂಸದಲ್ಲಿರುವ ನೈಟ್ರೋಜನ್ ನೋಡುತ್ತಾರೆ. ಅದರಲ್ಲಿ ಹಗುರವಾದದ್ದು, ಸ್ವಲ್ಪ ಭಾರದ್ದು ಎರಡೂ ಇರುತ್ತವೆ. ತಿನ್ನುವ ಪ್ರಾಣಿಯ ಮೈಯಲ್ಲಿ ಭಾರದ್ದು ಸ್ವಲ್ಪ ಹೆಚ್ಚು ಉಳಿಯುತ್ತದೆ. ಒಂದು ಮೆಟ್ಟಿಲಿಗೆ ಸಾವಿರಕ್ಕೆ ಮೂರೋ ನಾಲ್ಕೋ ಭಾಗ ಏರಿಕೆ. ಅದನ್ನು ಅಳೆದರೆ ಮೀನು ಎಷ್ಟನೇ ಮೆಟ್ಟಿಲಿನಲ್ಲಿತ್ತು ಅಂತ ಹೇಳಬಹುದು.

ವಯಸ್ಸು ತಿಳಿಯಲು ಕಿವಿಕಲ್ಲು ಇದೆ. ಮುಂದಿನ ಸಲ ಮನೆಗೆ ಕೊಡ್ಡಾಯಿ ತಂದಾಗ ತಲೆಯನ್ನು ಎಸೆಯಬೇಡ. ಬೇಯಿಸಿ, ಮೆದುಳಿನ ಎರಡೂ ಪಕ್ಕ ಮೆಲ್ಲಗೆ ಬಿಡಿಸು. ಬಿಳೀ ಕಲ್ಲಿನಂಥದು ಒಂದೊಂದು ಸಿಗುತ್ತದೆ. ಈ ಜಾತಿಯಲ್ಲಿ ಅದು ದೊಡ್ಡದಾಗಿಯೇ ಇರುತ್ತದೆ. ಅದನ್ನು ತೆಳ್ಳಗೆ ಉಜ್ಜಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪದರ ಪದರ ಗೆರೆಗಳು ಕಾಣುತ್ತವೆ, ಅವನ್ನು ಎಣಿಸಿ ವಯಸ್ಸು ಲೆಕ್ಕ ಹಾಕುತ್ತಾರೆ. ಆ ಪದರಗಳಲ್ಲಿರುವ ಸ್ಟ್ರಾನ್ಷಿಯಂ ಅಳೆದು, ಮೀನು ಸಿಹಿನೀರಿನಲ್ಲಿತ್ತೋ ಉಪ್ಪುನೀರಿನಲ್ಲಿತ್ತೋ ಅಂತಲೂ ಊಹಿಸುತ್ತಾರೆ.

ನನಗೆ ಎಲ್ಲಕ್ಕಿಂತ ಆಶ್ಚರ್ಯ ಅನ್ನಿಸಿದ್ದು ಇನ್ನೊಂದು. 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದಿಂದ ವಿಕಿರಣದ ಸೀಸಿಯಂ ಕಡಲಿಗೆ ಸೇರಿತು. ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಹತ್ತಿರ ಹಿಡಿದ 15 ಬ್ಲೂಫಿನ್ ಟ್ಯೂನಾಗಳನ್ನು ಪರೀಕ್ಷೆ ಮಾಡಿದರು. ಹದಿನೈದರಲ್ಲೂ ಸೀಸಿಯಂ–134 ಇತ್ತು. ಅದರ ಅರ್ಧಾಯುಷ್ಯ, ಅಂದರೆ ಕರಗಿ ಅರ್ಧ ಆಗಲು ಹಿಡಿಯುವ ಕಾಲ, ಸುಮಾರು ಎರಡೇ ವರ್ಷ, ಹಳೆಯ ಬಾಂಬ್ ಪರೀಕ್ಷೆಗಳದ್ದು ಉಳಿದಿರಲು ಸಾಧ್ಯವಿಲ್ಲ. ಅಮೆರಿಕದ ಕಡೆಯೇ ಇರುವ ಯೆಲ್ಲೋಫಿನ್ ಟ್ಯೂನಾಗಳಲ್ಲಿ ಅದು ಇರಲಿಲ್ಲ. ಅಂದರೆ ಆ ಮರಿ ಬ್ಲೂಫಿನ್‌ಗಳು ಜಪಾನಿನಿಂದ ಪೆಸಿಫಿಕ್ ಸಾಗರವನ್ನೇ ಈಜಿ ದಾಟಿದ್ದವು. ಯಾರೂ ಅವಕ್ಕೆ ಬಿಲ್ಲೆ ಕಟ್ಟಿರಲಿಲ್ಲ, ಮೈಗೆ ಸೇರಿದ ಸೀಸಿಯಂ ಬಂದ ದಾರಿ ಹೇಳಿತು. ಪ್ರಮಾಣ ಬಹಳ ಕಡಿಮೆ ಇತ್ತು, ತಿಂದವರಿಗೆ ಅಪಾಯ ಇರಲಿಲ್ಲ. ಸೀಸಿಯಂ ಪಾದರಸದ ಹಾಗೆ ಮೈಯಲ್ಲಿ ಕೂರುವುದೂ ಇಲ್ಲ, ಮೀನು ಅದನ್ನು ತಿಂಗಳುಗಳಲ್ಲಿ ಹೊರಹಾಕುತ್ತದೆ.

ಹೇಮಾವತಿಯ ಮೀನು ತಿನ್ನುತ್ತೇವೆ. ಸುತ್ತ ಕಾಫಿ ತೋಟ, ಔಷಧಿಯೆಲ್ಲ ಹೊಳೆಗೇ ಹರಿಯುತ್ತದೆ. ತೊಂದರೆ ಇದೆಯೇ?
– ಬೆಳೆಗಾರರು, ಹಾನುಬಾಳು

ಕಾಟ್ಲಾ, ರೋಹು ಕೆಳಗಿನ ಮೆಟ್ಟಿಲಿನ ಮೀನುಗಳು, ಅವುಗಳ ಬಗ್ಗೆ ನನಗೆ ಚಿಂತೆ ಕಮ್ಮಿ. ಬಾಳೆ ಮೀನು ಬೇರೆ ಮೀನು ತಿಂದು ಬೆಳೆಯುತ್ತದೆ. ಭಾರೀ ಗಾತ್ರದ್ದು ಸಿಕ್ಕರೆ ಅಪರೂಪಕ್ಕೆ ತಿನ್ನಿ. ಕಾಫಿ ಗಿಡದ ಬಿಳಿ ಕಾಂಡಕೊರಕ ಹುಳಕ್ಕೆ ಹಿಂದೆ ಬಿಎಚ್‌ಸಿ, ಲಿಂಡೇನ್ ಎಂಬ ಕೀಟನಾಶಕ ಹೊಡೆಯುತ್ತಿದ್ದದ್ದು ನಿಮಗೆ ನೆನಪಿರಬೇಕು. ಬಿಎಚ್‌ಸಿಯನ್ನು 1997ರಲ್ಲೇ ನಿಷೇಧಿಸಿದರು. ಅಂಥವು ಕೆಸರಿನಲ್ಲಿ ಬಹುಕಾಲ ಉಳಿಯುತ್ತವೆ, ಮೀನಿನ ಕೊಬ್ಬಿಗೆ ಸೇರುತ್ತವೆ. ಇಲ್ಲಿ ಮಾತ್ರ ಚರ್ಮ, ಹೊಟ್ಟೆಯ ಕೊಬ್ಬು ತೆಗೆದರೆ ಸ್ವಲ್ಪ ಉಪಯೋಗ ಇದೆ.

ನನಗೆ ಹೆಚ್ಚು ಸಂಕಟ ಆಗುವುದು ಮೈಲುತುತ್ತ, ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣದ ವಿಷಯಕ್ಕೆ. ಮೈಲುತುತ್ತದ ತಾಮ್ರ ಪಾದರಸದಂತೆ ಮೆಟ್ಟಿಲು ಹತ್ತಿ ನಿಮ್ಮ ತಟ್ಟೆಗೆ ಬರುವುದಿಲ್ಲ. ಅದು ಕೊಲ್ಲುವುದು ಮೀನಿನ ಮರಿಗಳನ್ನು, ಕಿವಿರು ಕೆಡಿಸಿ. ನೀವು ಬೋರ್ಡೋ ಹೊಡೆಯುವುದು ಮುಂಗಾರಿಗೆ ಮುಂಚೆ. ಮೊದಲ ಜೋರು ಮಳೆಗೆ ಹತ್ತುಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿ ಮೊಟ್ಟೆ ಇಡುವುದೂ ಅದೇ ಹೊತ್ತಿಗೆ. ಡ್ರಮ್ಮು, ಸ್ಪ್ರೇಯರನ್ನು ದಯವಿಟ್ಟು ಹಳ್ಳದಲ್ಲಿ ತೊಳೆಯಬೇಡಿ. ತೊಳೆದ ನೀರನ್ನು ತೋಟದ ಒಳಗೇ, ಹಳ್ಳದಿಂದ ದೂರ ಚೆಲ್ಲಿಸಿ. ಗೋದಾಮಿನ ಮೂಲೆಯಲ್ಲಿ ಹಳೇ ಬಿಎಚ್‌ಸಿ ಚೀಲ ಉಳಿದಿದ್ದರೆ ಹೂಳಬೇಡಿ, ಸುಡಬೇಡಿ. ಮಳೆ ತಾಗದಂತೆ ಕಟ್ಟಿಟ್ಟು, ಕೃಷಿ ಇಲಾಖೆಯವರನ್ನು ಕೇಳಿ ವಿಲೇವಾರಿ ಮಾಡಿ.