ಎಲ್‌ಡಿ 50ಗಾಗಿ ಇಲಿಗಳು ಸಾಯಲೇಬೇಕೇ?

ತುಮಕೂರಿನಲ್ಲಿ ಎಂ.ಫಾರ್ಮ ಪ್ರಾಜೆಕ್ಟ್‌ಗೆ ಹೊಂಗೆ ಬೀಜದ ಸಾರದ ಎಲ್‌ಡಿ 50, ಅಂದರೆ ಅರ್ಧದಷ್ಟು ಇಲಿಗಳನ್ನು ಕೊಲ್ಲುವ ಡೋಸ್, ತೆಗೆಯಲೇಬೇಕೇ ಎಂದು ಕೇಳಿದ್ದೀರಿ. ಬೇಡ. ಅದನ್ನು ತೆಗೆಯುವ ಹಳೆಯ ಪರೀಕ್ಷೆ, ಅಂದರೆ ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 401ನೇ ಮಾರ್ಗಸೂಚಿ, 2002ರಲ್ಲೇ ರದ್ದಾಗಿದೆ. ಅದರ ಬದಲು ಅದೇ ಸಂಸ್ಥೆಯ 420ನೇ ಮಾರ್ಗಸೂಚಿ ಹಿಡಿಯಿರಿ: ಇಲಿಯ ತೂಕದ ಪ್ರತಿ ಕೆಜಿಗೆ 5, 50, 300, 2000 ಮಿ.ಗ್ರಾಂ ನಿಗದಿತ ಡೋಸ್‌ಗಳು. ಮೊದಲು ಒಂದೇ ಇಲಿಗೆ ಕೊಟ್ಟು ನೋಡಿ, ಡೋಸ್ ಗೊತ್ತಾದ ಮೇಲೆ ಇನ್ನು ನಾಲ್ಕಕ್ಕೆ. ಇಲ್ಲಿ ಹುಡುಕುವುದು ಸಾವನ್ನಲ್ಲ, ವಿಷದ ಸ್ಪಷ್ಟ ಲಕ್ಷಣವನ್ನು.

ಎಡವುವುದು ನಿಗಾದಲ್ಲಿ. ಸಂಜೆ ಡೋಸ್ ಕೊಟ್ಟು ಮನೆಗೆ ಹೋದರೆ ಬೆಳಿಗ್ಗೆ ಸಿಗುವುದು ಸತ್ತ ಇಲಿ, ನರಳಿದ್ದು ಯಾರಿಗೂ ಕಾಣಿಸಿರುವುದಿಲ್ಲ. ಬೆಳಿಗ್ಗೆಯೇ ಕೊಡಿ, ಮೊದಲ ನಾಲ್ಕು ಗಂಟೆ ಪದೇಪದೇ, ಆಮೇಲೆ 14 ದಿನ ದಿನಾ ನೋಡಿ. ರೋಮ ನಿಮಿರಿ, ಬೆನ್ನು ಬಿಲ್ಲಾಗಿ, ಮೈ ತಣ್ಣಗಾಗಿ ನೀರಿನ ಬಾಟಲಿವರೆಗೂ ಹೋಗಲಾರದ ಇಲಿಯನ್ನು ದಯವಿಟ್ಟು ಕಾಯಿಸಬೇಡಿ, ದಯಾಮರಣ ಕೊಡಿ. ಲೆಕ್ಕದಲ್ಲಿ ಅದೂ ಸತ್ತ ಇಲಿಯೇ, ಫಲಿತಾಂಶ ಕೆಡುವುದಿಲ್ಲ. ಈ ಮಿತಿಗಳನ್ನು ಕಾಲೇಜಿನ ಪ್ರಾಣಿ ನೈತಿಕ ಸಮಿತಿಯ ಅರ್ಜಿಯಲ್ಲೇ ಬರೆಯಿರಿ.