ಆಯಿಯ ಜೊತೆ ಕಚೇರಿಗೆ ಯಾರಾದರೂ ಹೋಗಿ

ಚಿತ್ತಾಪುರ ತಾಲ್ಲೂಕಿನಿಂದ ಬರೆದಿರುವ ಅಕ್ಕ, ನಮಸ್ಕಾರ.

ನಿಮ್ಮ ಓಣಿಯ ಆಯಿಯ ಮಗ ಪುಣೆಗೆ ಗುಳೆ ಹೋಗಿ ಅಲ್ಲೇ ಟಿಬಿಯಿಂದ ತೀರಿಕೊಂಡ, ಆಮೇಲೆ ಸೊಸೆಯೂ ಅದರಿಂದಲೇ ಹೋದಳು ಎಂದು ಬರೆದಿದ್ದೀರಿ. ಎಪ್ಪತ್ತು ದಾಟಿದ ಆಯಿ ಈಗ ತೊಗರಿ ಹೊಲದಲ್ಲಿ ಕೂಲಿ ಮಾಡಿ ಇಬ್ಬರು ಮೊಮ್ಮಕ್ಕಳನ್ನು ಸಾಕುತ್ತಿದ್ದಾರೆ. ಮಕ್ಕಳನ್ನು ಅನಾಥಾಶ್ರಮಕ್ಕೆ ಬಿಡೋಣ ಎನ್ನುವ ನೆಂಟರ ಮಾತು ಸರಿಯೇ ಎಂದು ಕೇಳಿದ್ದೀರಿ.

ಬೇಡ ಅಕ್ಕ. ಆಯಿಗೆ ಸಾಕುವ ಮನಸ್ಸಿದೆ, ಮಕ್ಕಳಿಗೂ ಆಯಿ ಬೇಕು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರವೂ ಆಶ್ರಮ ಕೊನೆಯ ದಾರಿ. ಆ ಮನೆಗೆ ಸಾಲದಿರುವುದು ದುಡ್ಡು, ಅದಕ್ಕೆ ದಾರಿ ಇದೆ.

ಮೊದಲು ಆಶಾ ಕಾರ್ಯಕರ್ತೆಗೆ ಹೇಳಿ ಮೂವರಿಗೂ ಟಿಬಿ ಪರೀಕ್ಷೆ ಮಾಡಿಸಿ. ಸರಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಇದನ್ನು ಮುಂದಕ್ಕೆ ಹಾಕಬೇಡಿ.

ಇನ್ನು ದುಡ್ಡಿನ ಮಾತು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ, ಬಂಧುಗಳ ಮನೆಯಲ್ಲಿ ಬೆಳೆಯುವ ಅನಾಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಹಳ್ಳಿಯಲ್ಲಾದರೆ ಮನೆಯ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು. ಅರ್ಜಿ ಕಲಬುರಗಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಬೇಕು. ದಾರಿ ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಆಯಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿದೆಯಾ, ಅದನ್ನೂ ನಾಡಕಚೇರಿಯಲ್ಲಿ ವಿಚಾರಿಸಿ.

ತೊಡಕಾಗುವುದು ಕಾಗದಪತ್ರದಲ್ಲಿ. ಸಾವು ಎಲ್ಲಿ ಆಯಿತೋ ಅಲ್ಲೇ ಅದರ ನೋಂದಣಿ. ಮಗನ ಮರಣ ಪತ್ರ ಪುಣೆಯಿಂದಲೇ ಬರಬೇಕು. ಓದು ಬರಹ ಬಾರದ, ಮರಾಠಿ ತಿಳಿಯದ ಆಯಿ ಒಬ್ಬರೇ ಅದನ್ನು ಹೇಗೆ ತರಿಸಬೇಕು ಹೇಳಿ? ನಿಮ್ಮ ಓಣಿಯಿಂದ ಪುಣೆಗೆ ದುಡಿಯಲು ಹೋದ ಹುಡುಗರು ಇದ್ದೇ ಇರುತ್ತಾರೆ. ಅವರಲ್ಲಿ ಒಬ್ಬನಿಗೆ ಈ ಕೆಲಸ ಒಪ್ಪಿಸಿ. ಹಬ್ಬಕ್ಕೆ ಅಕ್ಕಿ, ಬಟ್ಟೆ ಕೊಟ್ಟೆವು ಎಂದಿದ್ದೀರಿ, ಅದು ದೊಡ್ಡ ಮನಸ್ಸು. ಆದರೆ ಆಯಿಗೆ ಅದಕ್ಕಿಂತ ಜಾಸ್ತಿ ಬೇಕಾಗಿರುವುದು ಕೂಲಿ ತಪ್ಪಿಸಿಕೊಂಡು ಕಚೇರಿಗೆ ಜೊತೆಗೆ ಬರುವ ಒಬ್ಬರು. ಸರತಿಯ ಮೇಲೆ ಹೋಗಿ. ಒಂದು ಸಲಕ್ಕೆ ಮುಗಿಯುವ ಕೆಲಸ ಅಲ್ಲ ಇದು.

ಮಗನ ಹೆಸರಿನಲ್ಲಿ ಎರಡು ಎಕರೆ ಹೊಲ ಇದೆ, ಮೈದುನ ಅದರ ಮೇಲೆ ಕಣ್ಣಿಟ್ಟಿದ್ದಾನೆ ಎಂದೂ ಬರೆದಿದ್ದೀರಿ. ಅದರಲ್ಲಿ ಮಕ್ಕಳಿಗೂ, ಅವನ ತಾಯಿಯಾದ ಆಯಿಗೂ ಹಕ್ಕಿದೆ. ಆಯಿ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತುವುದು ಬೇಡ. ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದುಕೊಂಡು ಹೋಗಿ. ಹೆಂಗಸರಿಗೆ, ಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ.

ಕೊನೆಗೆ, ಕೇಳಲು ಕಷ್ಟವಾದರೂ ಕೇಳಲೇಬೇಕಾದ ಒಂದು ಮಾತು. ನಾಳೆ ಆಯಿ ಹಾಸಿಗೆ ಹಿಡಿದರೆ ಮಕ್ಕಳು ಯಾರ ಮನೆಯಲ್ಲಿ ಇರಬೇಕು? ಆ ಭಯ ಅವರ ಮನಸ್ಸಿನಲ್ಲಿ ಈಗಾಗಲೇ ಇರುತ್ತದೆ, ಅಲ್ವಾ? ಪಕ್ಕ ಕೂತು ಕೇಳಿ. ಅವರು ಯಾರ ಹೆಸರು ಹೇಳುತ್ತಾರೋ ಅವರ ಜೊತೆ ನೀವೂ ಮಾತಾಡಿ.